ಮೊದಲ ಚಿತ್ರ ಕೊಳ್ಳುವವರಿಗೆ: ಬೆಂಗಳೂರಿನಲ್ಲಿ ಹೊಸ ಕಲಾವಿದರನ್ನು ಹುಡುಕುವ ದಾರಿ

ಹೊಸ ಫ್ಲಾಟ್‌ಗೆ ಹೋದ ಸ್ನೇಹಿತರೆಲ್ಲ ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಸೋಫಾ ಹಿಂದಿನ ಗೋಡೆ ಖಾಲಿ ಇದೆ ಕಣೇ, ಒಂದು ಒಳ್ಳೆ ಪೇಂಟಿಂಗ್ ಎಲ್ಲಿ ಸಿಗುತ್ತೆ?"

ನಾನು ಕಲಾವಿಮರ್ಶಕಿ ಅಲ್ಲ. ಬ್ಯಾಂಕಿನಲ್ಲಿ ಕೆಲಸ. ಹದಿನೈದು ವರ್ಷದಿಂದ ಸಂಬಳದಲ್ಲಿ ಅಷ್ಟಿಷ್ಟು ಉಳಿಸಿ ಚಿಕ್ಕ ಚಿಕ್ಕ ಚಿತ್ರ ಕೊಳ್ಳುತ್ತಾ ಬಂದಿದ್ದೇನೆ. ಈಗ ಮನೆಯಲ್ಲಿ ಮೂವತ್ತರ ಹತ್ತಿರ ಇವೆ. ಅದರಲ್ಲಿ ನಾಲ್ಕೈದು ಯಾಕಾದರೂ ಕೊಂಡೆನೋ ಅನ್ನಿಸುವಂಥವು. ಆ ನಾಲ್ಕೈದೂ ಮೊದಲ ನೋಟಕ್ಕೇ, ನಿಂತ ಕಾಲಲ್ಲೇ ಕೊಂಡವು. ಹಾಗಾಗಿ ನಾನು ಕೊಡುವ ಸಲಹೆಯೂ ಒಂದೇ. ಗೋಡೆಯ ಅಳತೆ ಮನೆಯಲ್ಲೇ ಬಿಟ್ಟು ಬನ್ನಿ. ಬರೆದವರು ಯಾರು ಅಂತ ಕೇಳಿ. ಎರಡನೇ ಸಲ ಹೋಗಿ. ಆಮೇಲೆ ದುಡ್ಡು ತೆಗೆಯಿರಿ.

ಮೊದಲ ಎರಡು ತಿಂಗಳು ಸುಮ್ನೆ ನೋಡಿ

ಬೆಂಗಳೂರಿನಲ್ಲಿ ಚಿತ್ರ ನೋಡೋಕೆ ದುಡ್ಡು ಬೇಕಿಲ್ಲ, ಬಿಡುವು ಬೇಕು. ಕುಮಾರ ಕೃಪಾ ರಸ್ತೆಯ ಕರ್ನಾಟಕ ಚಿತ್ರಕಲಾ ಪರಿಷತ್ತಿನಿಂದ ಶುರು ಮಾಡಿ. 1960ರಲ್ಲಿ ಎಂ.ಎಸ್. ನಂಜುಂಡರಾವ್ ಅವರು ಕಟ್ಟಿದ ಸಂಸ್ಥೆ ಇದು. ಒಂದೇ ಆವರಣದಲ್ಲಿ ಕಾಲೇಜೂ ಇದೆ, ಗ್ಯಾಲರಿಗಳೂ ಇವೆ. ಪ್ರದರ್ಶನಗಳು ಆಗಾಗ ಬದಲಾಗುತ್ತಲೇ ಇರುತ್ತವೆ. ಒಂದು ಹಾಲ್‌ನಲ್ಲಿ ನಿವೃತ್ತ ಡ್ರಾಯಿಂಗ್ ಮೇಷ್ಟ್ರ ಚಿತ್ರಗಳಿದ್ದರೆ ಪಕ್ಕದ ಹಾಲ್‌ನಲ್ಲಿ ಈಗಷ್ಟೇ ಓದು ಮುಗಿಸಿದ ಐದು ಜನರ ಸಮೂಹ ಪ್ರದರ್ಶನ. ನಿಮಗೆ ಬೇಕಾದವರು ಈ ಐದು ಜನ.

ಶಾಂತಿನಗರದಲ್ಲಿ 1 ಶಾಂತಿ ರೋಡ್ ಇದೆ. ಸುರೇಶ್ ಜಯರಾಮ್ ಅವರು ನಡೆಸುವ ಈ ಜಾಗ ಗ್ಯಾಲರಿ ಅನ್ನುವುದಕ್ಕಿಂತ ಕಲಾವಿದರ ಮನೆ ಇದ್ದ ಹಾಗಿದೆ. ಹೊರಗಿನಿಂದ ಬಂದ ಕಲಾವಿದರು ಅಲ್ಲೇ ಉಳಿದು ಕೆಲಸ ಮಾಡುತ್ತಾರೆ. ಪ್ರದರ್ಶನದ ಸಂಜೆ ಹೋದರೆ ಯಾರ ಜೊತೆ ಬೇಕಾದರೂ ಮಾತಾಡಬಹುದು. ವಿಲ್ಸನ್ ಗಾರ್ಡನ್‌ನಲ್ಲಿ ಗ್ಯಾಲರಿ ಸುಮುಖ ಇದೆ, 1996ರಿಂದ ನಡೆಯುತ್ತಿದೆ. ಎಂ.ಜಿ. ರಸ್ತೆಯ ಮೆಟ್ರೊ ಪಕ್ಕದಲ್ಲಿ ರಂಗೋಲಿ ಕಲಾ ಕೇಂದ್ರ, ದೊಮ್ಮಲೂರಿನಲ್ಲಿ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್. ಇಲ್ಲೆಲ್ಲ ಏನಾದರೊಂದು ನಡೆಯುತ್ತಲೇ ಇರುತ್ತದೆ.

ಇನ್ನೆರಡು ಜಾಗ ಕೊಳ್ಳೋಕಲ್ಲ, ಕಣ್ಣು ಪಳಗಿಸಿಕೊಳ್ಳೋಕೆ. ಒಂದು, ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿ 2009ರಲ್ಲಿ ಶುರುವಾದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ. ಇನ್ನೊಂದು, ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ಬಾಗಿಲು ತೆರೆದ ಮ್ಯಾಪ್, ಅಂದರೆ ಮ್ಯೂಸಿಯಂ ಆಫ್ ಆರ್ಟ್ ಆ್ಯಂಡ್ ಫೋಟೊಗ್ರಫಿ. ಎರಡಕ್ಕೂ ಸೋಮವಾರ ರಜೆ. ನೆನಪಿಟ್ಟುಕೊಳ್ಳಿ, ನಾನು ಎರಡು ಸಲ ಗೇಟ್ ನೋಡಿಕೊಂಡು ವಾಪಸ್ ಬಂದಿದ್ದೇನೆ.

ಗ್ಯಾಲರಿ ಬಾಗಿಲು ನೋಡಿದರೆ ಹೊಸಬರಿಗೆ ಒಂಥರಾ ಹಿಂಜರಿಕೆ. ಗಾಜಿನ ಬಾಗಿಲು, ಒಳಗೆ ಯಾರೂ ಇಲ್ಲ, ಮೂಲೆಯ ಮೇಜಿನಲ್ಲಿ ಒಬ್ಬರು ಲ್ಯಾಪ್‌ಟಾಪ್ ನೋಡುತ್ತಾ ಕೂತಿರುತ್ತಾರೆ. ತಳ್ಳಿಕೊಂಡು ಹೋಗಿ. ಸಾಮಾನ್ಯವಾಗಿ ಪ್ರವೇಶಕ್ಕೆ ಟಿಕೆಟ್ ಇರುವುದಿಲ್ಲ. ಗೋಡೆ ಮೇಲೆ ಬೆಲೆ ಹಾಕಿಲ್ಲದಿದ್ದರೆ ಆ ಮೇಜಿನ ಹತ್ತಿರ ಬೆಲೆಪಟ್ಟಿ ಇರುತ್ತದೆ, ಕೇಳಿದರೆ ಕೊಡುತ್ತಾರೆ. ಬೆಲೆ ಕೇಳಿದ ಮಾತ್ರಕ್ಕೆ ಕೊಳ್ಳಲೇಬೇಕು ಅಂತೇನಿಲ್ಲ. ಸೀರೆ ಅಂಗಡಿಯಲ್ಲಿ ನಾವು ನಲವತ್ತು ಸೀರೆ ಬಿಚ್ಚಿಸಿ "ಆಮೇಲೆ ಬರ್ತೀವಿ" ಅಂತ ಎದ್ದು ಬರುವುದಿಲ್ಲವಾ?

ನೋಡುವಾಗ ಒಂದು ಕೆಲಸ ಮಾಡಿ. ಇಷ್ಟವಾದ ಚಿತ್ರದ ಜೊತೆಗೆ ಪಕ್ಕದ ಚೀಟಿಯ ಫೋಟೊ ಕೂಡ ತೆಗೆದುಕೊಳ್ಳಿ. ಹೆಸರು, ಮಾಧ್ಯಮ, ಅಳತೆ, ವರ್ಷ ಎಲ್ಲ ಅದರಲ್ಲೇ ಇರುತ್ತದೆ. ಎರಡು ತಿಂಗಳಾದ ಮೇಲೆ ಫೋನಿನಲ್ಲಿ ಹಿಂದಕ್ಕೆ ಸರಿಸಿ ನೋಡಿ. ಗೊತ್ತಿಲ್ಲದೆ ಒಂದೇ ಹೆಸರು ಎರಡು ಮೂರು ಕಡೆ ಬಂದಿರುತ್ತದೆ. ನಿಮ್ಮ ಹುಡುಕಾಟ ಅಲ್ಲಿಂದ ಶುರು.

ಕಾಲೇಜು ಪ್ರದರ್ಶನಗಳನ್ನು ಮಾತ್ರ ಬಿಡಬೇಡಿ. ಪರಿಷತ್ತಿನ ಕಾಲೇಜು, ಆರ್.ಎಂ. ಹಡಪದ್ ಅವರು ಕಟ್ಟಿದ ಕೆನ್ ಕಲಾಶಾಲೆ, ಯಲಹಂಕದ ಸೃಷ್ಟಿ. ಮೈಸೂರಿಗೆ ಹೋಗುವ ಮನಸ್ಸಿದ್ದರೆ ಕಾವಾ, ಅಂದರೆ ಅಲ್ಲಿನ ಸರ್ಕಾರಿ ದೃಶ್ಯಕಲಾ ಕಾಲೇಜು. ಕೋರ್ಸ್ ಮುಗಿಯುವ ಹೊತ್ತಿಗೆ ಕೊನೆಯ ವರ್ಷದ ವಿದ್ಯಾರ್ಥಿಗಳು ತಮ್ಮ ಕೆಲಸ ತೋರಿಸುತ್ತಾರೆ. ಗೋಡೆಗೆ ಇನ್ನೂ ಬಣ್ಣದ ವಾಸನೆ. ಪಕ್ಕದಲ್ಲಿ ಊರಿಂದ ಬಂದ ಅಪ್ಪ, ಅಮ್ಮ ಏನು ಮಾತಾಡಬೇಕೋ ತಿಳಿಯದೆ ನಿಂತಿರುತ್ತಾರೆ. ಅವರ ಮುಂದೆ ನೀವು ಆ ಹುಡುಗಿಯನ್ನು ಒಂದು ಪ್ರಶ್ನೆ ಕೇಳಿದರೂ ಸಾಕು, ಅವರ ಮುಖ ನೋಡಬೇಕು ಆಗ.

ಚಿತ್ರಸಂತೆಗೆ ಎರಡು ಸುತ್ತು

ಹೊಸಬರಿಗೆ ಇದಕ್ಕಿಂತ ಒಳ್ಳೆ ಜಾಗ ಇನ್ನೊಂದಿಲ್ಲ. ಚಿತ್ರಕಲಾ ಪರಿಷತ್ತು ವರ್ಷಕ್ಕೊಮ್ಮೆ ಬೀದಿಯಲ್ಲೇ ನಡೆಸುವ ಚಿತ್ರಗಳ ಸಂತೆ ಇದು, ಸಾಮಾನ್ಯವಾಗಿ ಜನವರಿಯ ಮೊದಲ ಭಾನುವಾರ. ಅವತ್ತು ಕುಮಾರ ಕೃಪಾ ರಸ್ತೆಯಲ್ಲಿ ವಾಹನ ಬಿಡುವುದಿಲ್ಲ. ರಸ್ತೆಯ ಎರಡೂ ಬದಿ, ಫುಟ್‌ಪಾತು, ಕಾಂಪೌಂಡ್ ಗೋಡೆ ಎಲ್ಲ ಕಡೆ ಚಿತ್ರ. ಸಾವಿರಕ್ಕೂ ಹೆಚ್ಚು ಕಲಾವಿದರು, ಬೇರೆ ರಾಜ್ಯದವರೂ ಬರುತ್ತಾರೆ. ನೂರು ರೂಪಾಯಿಯ ಸ್ಕೆಚ್‌ನಿಂದ ಲಕ್ಷ ರೂಪಾಯಿಯ ಕ್ಯಾನ್ವಾಸ್‌ವರೆಗೆ ಇರುತ್ತದೆ. ಕಾರು ತೆಗೆದುಕೊಂಡು ಹೋಗಬೇಡಿ. ಮಂತ್ರಿ ಸ್ಕ್ವೇರ್ ಸಂಪಿಗೆ ರಸ್ತೆ ಮೆಟ್ರೊದಲ್ಲಿ ಇಳಿದು ನಡೆಯುವುದೇ ಸುಖ.

ಮೊದಲ ಸುತ್ತು ಬೆಳಿಗ್ಗೆ ಒಂಬತ್ತಕ್ಕೆ ಹೊಡೆಯಿರಿ. ಆಗ ಜನ ಕಡಿಮೆ, ಕಲಾವಿದರಿಗೂ ಮಾತಾಡುವ ಹುರುಪು ಇರುತ್ತದೆ. ಏನೂ ಕೊಳ್ಳಬೇಡಿ. ನಿಂತು ನೋಡಿದ ಜಾಗ ಗುರುತು ಮಾಡಿಕೊಳ್ಳಿ: ಯಾವ ಮರ, ಯಾವ ಗೇಟು, ಪಕ್ಕದಲ್ಲಿ ಯಾರ ಮಳಿಗೆ. ಹನ್ನೊಂದರ ಮೇಲೆ ಗುರುತೇ ಸಿಗದಷ್ಟು ಜನ ಸೇರುತ್ತಾರೆ. ಮಧ್ಯಾಹ್ನ ಊಟ ಮುಗಿಸಿ ಎರಡನೇ ಸುತ್ತು. ಬೆಳಿಗ್ಗೆ ನೋಡಿದ ಹತ್ತರಲ್ಲಿ ಎಂಟು ಆಗಲೇ ಮರೆತುಹೋಗಿರುತ್ತವೆ. ಉಳಿದ ಎರಡರ ಮುಂದೆ ಹೋಗಿ ನಿಲ್ಲಿ.

ಒಂದು ವರ್ಷ ಹೀಗೇ ಆಯಿತು. ಗದಗ ಕಡೆಯ ಒಬ್ಬ ಹುಡುಗ ಫುಟ್‌ಪಾತಿನ ಮೇಲೆ ಆರು ಕ್ಯಾನ್ವಾಸ್ ಒರಗಿಸಿಟ್ಟುಕೊಂಡು ಕೂತಿದ್ದ. ಒಂದರಲ್ಲಿ ಕುಣಿ ಮಗ್ಗದೊಳಗೆ ಇಳಿಬಿಟ್ಟ ಎರಡು ಕಾಲು ಮಾತ್ರ ಇದ್ದವು. ನೇಯುವವರ ಮುಖ ಇಲ್ಲ, ಸೀರೆ ಇಲ್ಲ. ಕತ್ತಲು ಕುಣಿ, ಕಾಲ್ಮಣೆ, ಸವೆದ ಹಿಮ್ಮಡಿ, ಅದರ ಮೇಲೆ ಎಲ್ಲಿಂದಲೋ ಬಿದ್ದ ಒಂದು ಗೆರೆ ಬೆಳಕು. ನಾನು ಮೂರನೇ ಸಲ ಬಂದು ನಿಂತಾಗ ಅವನೇ ಮಾತಾಡಿಸಿದ.

"ಮುಂಜಾನಿಂದ ಮೂರ್ ಸಲ ಬಂದ್ರಿ ನೀವು. ತಗೊಳ್ಳಿಲ್ಲಂದ್ರ ಏನಾತು, ಕುಂದರ್ರಿ ಅಕ್ಕಾರ, ನೀರ್ ಕುಡೀರಿ."

ಕೂತೆ. ಕಾಲು ಅವನ ತಾಯಿಯದು. ಚಿಕ್ಕವನಿದ್ದಾಗ ಕುಣಿಯ ಪಕ್ಕ ನೆಲದ ಮೇಲೆ ಮಲಗಿ ಅವನು ನೋಡುತ್ತಿದ್ದದ್ದು ಅಷ್ಟೇ ಅಂತೆ. ಹಿಂದಿನ ರಾತ್ರಿ ಬಸ್ಸಿನಲ್ಲಿ ಚಿತ್ರಗಳನ್ನು ಬೆಡ್‌ಶೀಟಿನಲ್ಲಿ ಸುತ್ತಿ ತಂದಿದ್ದ. ಹನ್ನೆರಡು ಸಾವಿರ ಹೇಳಿದ. ನಾನು ಅಷ್ಟೇ ಕೊಟ್ಟೆ. ಮನೆಗೆ ತಂದಾಗ ನಮ್ಮನೆಯವರು, "ಕಾಲು ಮಾತ್ರ ಬರೆದಿದ್ದಾನೆ, ಮಿಕ್ಕದ್ದು ಯಾವಾಗ ಕೊಡ್ತಾನಂತೆ?" ಅಂದರು.

ಚೌಕಾಸಿ ಬಗ್ಗೆ ಒಂದು ಮಾತು. ಸಂತೆ ಅಂದ ಕೂಡಲೇ ನಮ್ಮ ನಾಲಿಗೆ ಅರ್ಧ ಬೆಲೆಗೆ ಇಳಿಯುತ್ತದೆ. ಸಂಜೆ ಐದಕ್ಕೆ, ವಾಪಸ್ ಹೊತ್ತುಕೊಂಡು ಹೋಗಬೇಕಲ್ಲ ಅನ್ನುವ ಅವರ ಚಿಂತೆ ನೋಡಿ ಬೆಲೆ ಮುರಿಯುವವರನ್ನು ಕಂಡರೆ ನನಗೆ ಆಗುವುದಿಲ್ಲ. ನಿಮ್ಮ ಕೈಲಿ ಇರುವುದು ಕಡಿಮೆಯಾದರೆ ನೇರವಾಗಿ ಹೇಳಿ: "ನನ್ನ ಹತ್ತಿರ ಎಂಟು ಸಾವಿರ ಇದೆ. ಇಷ್ಟಕ್ಕೆ ನಿಮ್ಮ ಹತ್ತಿರ ಚಿಕ್ಕದು ಏನಿದೆ?" ಇದು ಚೌಕಾಸಿ ಅಲ್ಲ. ಎಷ್ಟೋ ಸಲ ಚೀಲದೊಳಗಿನಿಂದ ಚೆಂದದ ಒಂದು ಡ್ರಾಯಿಂಗ್ ಹೊರಗೆ ಬರುತ್ತದೆ.

ಮಾತಾಡಿಸಿ, ಸ್ಟುಡಿಯೊಗೆ ಹೋಗಿ

ಒಬ್ಬರ ಎರಡು ಮೂರು ಕೆಲಸ ಇಷ್ಟವಾಯಿತು ಅನ್ನಿ. ಇನ್‌ಸ್ಟಾಗ್ರಾಂನಲ್ಲಿ ಹುಡುಕಿ ಒಂದು ಮೆಸೇಜ್ ಹಾಕಿ. "ಪರಿಷತ್ತಿನಲ್ಲಿ ನಿಮ್ಮ ಇಂಥ ಚಿತ್ರ ನೋಡಿದೆ, ಇನ್ನಷ್ಟು ನೋಡಬೇಕು ಅಂತ ಆಸೆ, ಯಾವಾಗ ಬರಬಹುದು?" ಅಂದರೆ ಸಾಕು. ಚಿತ್ರದ ಹೆಸರು ಬರೆಯಿರಿ. ಬರೇ "ಪ್ರೈಸ್ ಪ್ಲೀಸ್" ಅಂತ ಕಳಿಸಿದರೆ ಉತ್ತರವೂ ಅಷ್ಟೇ ಚುಟುಕಾಗಿ ಬರುತ್ತದೆ.

ಸ್ಟುಡಿಯೊ ಅಂದರೆ ದೊಡ್ಡದು ಅಂದುಕೊಳ್ಳಬೇಡಿ. ಕೆಂಗೇರಿ ಕಡೆ ಮೂರನೇ ಮಹಡಿಯ ಒಂದು ರೂಮು ಇರಬಹುದು. ಮನೆಯ ಮೇಲಿನ ಶೀಟ್ ಹಾಕಿದ ತಾರಸಿ ಇರಬಹುದು. ಹೇಳಿದ ಹೊತ್ತಿಗೆ ಹೋಗಿ. ಇಪ್ಪತ್ತು ವರ್ಷದವರಾದರೂ "ನೀವು" ಅನ್ನಿ. ಎಷ್ಟೇ ಸಲುಗೆ ಇದ್ದರೂ ಒಣಗುತ್ತಿರುವ ಕ್ಯಾನ್ವಾಸ್ ಮುಟ್ಟಬೇಡಿ. ಎಣ್ಣೆ ಬಣ್ಣ ಮೇಲೆ ಒಣಗಿದಂತೆ ಕಂಡರೂ ಒಳಗೆ ವಾರಗಟ್ಟಲೆ ಹಸಿ ಇರುತ್ತದೆ.

ಏನು ಕೇಳಬೇಕು? "ಇದರ ಅರ್ಥ ಏನು?" ಅಂತ ಮಾತ್ರ ಶುರು ಮಾಡಬೇಡಿ. ಪರೀಕ್ಷೆಗೆ ಕೂರಿಸಿದ ಹಾಗಾಗುತ್ತದೆ, ಅವರು ಕ್ಯಾಟಲಾಗ್ ಭಾಷೆ ಶುರು ಹಚ್ಚಿಕೊಳ್ಳುತ್ತಾರೆ. "ಇದಕ್ಕಿಂತ ಮುಂಚೆ ಯಾವುದು ಬರೆದಿರಿ?", "ಇದು ಎಲ್ಲಿಂದ ಶುರುವಾಯಿತು?", "ಇದರಲ್ಲಿ ಕೆಟ್ಟುಹೋಗಿ ತಿದ್ದಿದ್ದು ಯಾವ ಭಾಗ?" ಅಂತ ಕೇಳಿ ನೋಡಿ. ಮೂರನೇ ಪ್ರಶ್ನೆಗೆ ಬರುವ ಉತ್ತರ ನನಗೆ ತುಂಬಾ ಇಷ್ಟ. ಒಬ್ಬರು ಬೆರಳಿಟ್ಟು ತೋರಿಸಿದರು: ಆಕಾಶದ ಕೆಳಗೆ ಒಂದು ಇಡೀ ಮನೆ ಅಳಿಸಿಹಾಕಿದ್ದಾರೆ. ಓರೆಯಾಗಿ ನೋಡಿದರೆ ಚಾವಣಿಯ ಗೆರೆ ಈಗಲೂ ಉಬ್ಬಿಕೊಂಡು ಕಾಣುತ್ತದೆ.

ಆಮೇಲೆ, ಗೋಡೆಗೆ ಮುಖ ಮಾಡಿ ಒರಗಿಸಿಟ್ಟ ಚಿತ್ರಗಳನ್ನು ತೋರಿಸ್ತೀರಾ ಅಂತ ಕೇಳಿ. ನಾಲ್ಕು ವರ್ಷದ ಕೆಲಸ ಸಾಲಾಗಿ ನೋಡಿದರೆ ಈ ಮನುಷ್ಯ ಎತ್ತ ಹೋಗುತ್ತಿದ್ದಾರೆ ಅನ್ನುವುದು ಗೊತ್ತಾಗುತ್ತದೆ. ಚೆನ್ನಾಗಿ ಮಾರಾಟವಾಯಿತು ಅಂತ ಒಂದನ್ನೇ ಮತ್ತೆ ಮತ್ತೆ ಬರೆಯುತ್ತಿದ್ದಾರಾ, ಹೊಸದೇನಾದರೂ ಹುಡುಕುತ್ತಿದ್ದಾರಾ? ಕೊಳ್ಳುವವರು ನೋಡಬೇಕಾದದ್ದು ಇದು. ಫೋಟೊ ತೆಗೆಯುವ ಮುಂಚೆ ಕೇಳಿ. ಪ್ರದರ್ಶನಕ್ಕೆ ಅಂತ ಇಟ್ಟ ಕೆಲಸವನ್ನು ನೀವು ಮೊದಲೇ ಸ್ಟೇಟಸ್ ಹಾಕಿಬಿಟ್ಟರೆ ಅವರಿಗೆ ಕಷ್ಟ.

ಅಲ್ಲೂ ಮೊದಲ ದಿನವೇ ಕೊಳ್ಳಬೇಕಿಲ್ಲ. "ಯೋಚನೆ ಮಾಡಿ ಶನಿವಾರದೊಳಗೆ ಹೇಳ್ತೀನಿ" ಅನ್ನಿ. ಶನಿವಾರ ಹೇಳಿ. ಬೇಡ ಅಂದರೂ ಹೇಳಿ. ಕಾಯಿಸಿ ಕಾಯಿಸಿ ಫೋನ್ ಎತ್ತದೆ ಇರುವವರಿಂದ ಹೊಸ ಕಲಾವಿದರು ಬೇಸತ್ತಿರುತ್ತಾರೆ.

ಬೆಲೆ ಎಲ್ಲಿಂದ ಬರುತ್ತದೆ

ಹೊಸ ಕಲಾವಿದರಲ್ಲಿ ಬಹಳಷ್ಟು ಜನ ಚದರ ಇಂಚಿನ ಲೆಕ್ಕ ಹಾಕುತ್ತಾರೆ. 24 ಇಂಚು ಅಗಲ, 36 ಇಂಚು ಎತ್ತರದ ಕ್ಯಾನ್ವಾಸ್ ಅಂದರೆ 864 ಚದರ ಇಂಚು. ಇಂಚಿಗೆ 30 ರೂಪಾಯಿ ಹಿಡಿದರೆ 25,920. ಚಿಕ್ಕ ಚಿತ್ರಕ್ಕೆ ಇಂಚಿನ ದರ ಜಾಸ್ತಿ ಇರುತ್ತದೆ. 12ಕ್ಕೆ 16ರ ಚಿತ್ರ 192 ಚದರ ಇಂಚು. ಅದಕ್ಕೆ 40ರಂತೆ ಹಾಕಿದರೂ 7,680 ಆಗುತ್ತದೆ. ಹೆಸರು ಬೆಳೆದ ಹಾಗೆ, ಪ್ರದರ್ಶನಗಳಾದ ಹಾಗೆ ದರ ಏರುತ್ತದೆ. ಲೆಕ್ಕ ಹೇಗೆ ಅಂತ ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಕಾಗದದ ಮೇಲಿನ ಕೆಲಸ ಸಾಮಾನ್ಯವಾಗಿ ಕ್ಯಾನ್ವಾಸಿಗಿಂತ ಅಗ್ಗ. ಮೊದಲ ಖರೀದಿಗೆ ಡ್ರಾಯಿಂಗ್, ಜಲವರ್ಣ, ಎಚ್ಚಿಂಗ್ (ಲೋಹದ ತಗಡಿನಿಂದ ಕಾಗದಕ್ಕೆ ಒತ್ತಿ ತೆಗೆದ ಚಿತ್ರ) ಒಳ್ಳೆಯದು.

ಗ್ಯಾಲರಿಯಲ್ಲಿ ಕೊಂಡರೆ ಬೆಲೆಯಲ್ಲಿ ಮೂವತ್ತರಿಂದ ಐವತ್ತು ಪರ್ಸೆಂಟ್‌ವರೆಗೆ ಗ್ಯಾಲರಿಗೆ ಹೋಗುವುದು ರೂಢಿ. ಇದನ್ನು ಕೇಳಿದ ಕೂಡಲೇ ಹೊಸಬರಿಗೆ ಒಂದು ಐಡಿಯಾ ಬರುತ್ತದೆ. ಗ್ಯಾಲರಿಯಲ್ಲಿ ನೋಡಿ, ಕಲಾವಿದರಿಗೆ ಫೋನ್ ಮಾಡಿ, ಅರ್ಧ ಬೆಲೆಗೆ ತಗೊಳ್ಳೋಣ ಅಂತ. ದಯವಿಟ್ಟು ಮಾಡಬೇಡಿ. ಬಾಡಿಗೆ, ದೀಪ, ಕ್ಯಾಟಲಾಗ್, ವಿಮೆ ಎಲ್ಲ ಗ್ಯಾಲರಿಯವರ ಖರ್ಚು. ಕಲಾವಿದರು ಹಿಂದಿನ ಬಾಗಿಲಿನಿಂದ ಮಾರಿದರು ಅಂತ ಗೊತ್ತಾದರೆ ಆ ಗ್ಯಾಲರಿಯ ಬಾಗಿಲು ಅವರಿಗೆ ಮುಚ್ಚಿದ ಹಾಗೆ. ಎಲ್ಲಿ ನೋಡಿದಿರೋ ಅಲ್ಲೇ ಕೊಳ್ಳಿ. ಒಟ್ಟಿಗೆ ಕೊಡಲು ಆಗದಿದ್ದರೆ ಕಂತು ಕೇಳಿ. ಎಷ್ಟೋ ಗ್ಯಾಲರಿಗಳು, ಕಲಾವಿದರು ಮೂರು ನಾಲ್ಕು ಕಂತಿಗೆ ಒಪ್ಪುತ್ತಾರೆ. ಮುಂಗಡ ಕೊಟ್ಟರೆ ಚಿತ್ರದ ಪಕ್ಕ ಕೆಂಪು ಚುಕ್ಕಿ ಬೀಳುತ್ತದೆ, ಅಂದರೆ ಮಾರಾಟವಾಗಿದೆ ಅಂತ. ಮೊದಲ ಸಲ ನನ್ನ ಹೆಸರಿಗೆ ಆ ಚುಕ್ಕಿ ಬಿದ್ದಾಗ ನಾನು ಅದರದ್ದೇ ಫೋಟೊ ತೆಗೆದಿದ್ದೆ, ಚಿತ್ರದ್ದಲ್ಲ.

ಇದನ್ನು ಹೂಡಿಕೆ ಅಂದುಕೊಂಡು ಬರುವವರಿಗೆ ಬ್ಯಾಂಕಿನವಳಾಗಿ ಒಂದು ಮಾತು: ಎಫ್‌ಡಿ ಮಾಡಿ. ಹೊಸ ಕಲಾವಿದರ ಚಿತ್ರವನ್ನು ಮತ್ತೆ ಮಾರುವುದು ಸುಲಭ ಅಲ್ಲ. ಬೆಲೆ ಏರಿದರೂ ಕೊಳ್ಳುವವರು ಸಿಗಬೇಕಲ್ಲ.

ಅಸಲಾ, ಪ್ರಿಂಟಾ?

ಶುರುವಿನಲ್ಲಿ ಒಂದು ಮಾಲ್‌ನ ಅಂಗಡಿಯಲ್ಲಿ "ಕ್ಯಾನ್ವಾಸ್ ಪೇಂಟಿಂಗ್" ಅಂತ ಒಂದು ಕೊಂಡೆ. ಮನೆಗೆ ಬಂದು ಫೋನ್ ಕ್ಯಾಮೆರಾ ಹತ್ತಿರ ಹಿಡಿದು ದೊಡ್ಡದು ಮಾಡಿದರೆ ಬರೀ ಚುಕ್ಕಿ. ಕ್ಯಾನ್ವಾಸ್ ಮೇಲೆ ಪ್ರಿಂಟ್ ತೆಗೆದು, ಅಲ್ಲಲ್ಲಿ ಬ್ರಶ್‌ನಿಂದ ಜೆಲ್ ಸವರಿದ್ದರು. ಅವರು "ಪೇಂಟಿಂಗ್" ಅಂದಿದ್ದರೇ ಹೊರತು "ಕೈಯಲ್ಲಿ ಬರೆದದ್ದು" ಅಂದಿರಲಿಲ್ಲ. ನಾನೂ ಕೇಳಿರಲಿಲ್ಲ. ಅದಕ್ಕೇ, ಕೇಳಿ.

ಆದರೆ ಪ್ರಿಂಟ್ ಅಂದ ಮಾತ್ರಕ್ಕೆ ನಕಲಿ ಅಲ್ಲ. ಎಚ್ಚಿಂಗ್, ವುಡ್‌ಕಟ್, ಲಿನೋಕಟ್, ಲಿಥೋಗ್ರಾಫ್ ಇವೆಲ್ಲ ಅಸಲು ಕೃತಿಗಳೇ. ಕಲಾವಿದರು ತಾವೇ ತಾಮ್ರದ ಅಥವಾ ಸತುವಿನ ತಗಡು, ಮರ, ಲಿನೋಲಿಯಂ, ಕಲ್ಲಿನ ಮೇಲೆ ಕೆಲಸ ಮಾಡಿ, ಶಾಯಿ ಹಚ್ಚಿ, ಒಂದೊಂದಾಗಿ ಒತ್ತಿ ತೆಗೆಯುತ್ತಾರೆ. ಕೆಳಗಿನ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ 7/15 ಅಂತ ಬರೆದಿದ್ದರೆ ಹದಿನೈದು ಪ್ರತಿಗಳಲ್ಲಿ ಇದು ಏಳನೆಯದು. ಎ/ಪಿ ಅಂತಿದ್ದರೆ ಕಲಾವಿದರು ತಮಗಾಗಿ ಇಟ್ಟುಕೊಂಡ ಪ್ರತಿ. ಎಚ್ಚಿಂಗ್ ಆದರೆ ಚಿತ್ರ ಇರುವ ಭಾಗದ ಕಾಗದ ಸುತ್ತಲಿನ ಅಂಚಿಗಿಂತ ಸ್ವಲ್ಪ ತಗ್ಗಾಗಿರುತ್ತದೆ, ತಗಡು ಒತ್ತಿದ ಗುರುತು ಅದು. ಕಾಲೇಜಿನ ಗ್ರಾಫಿಕ್ಸ್ ವಿಭಾಗದ, ಅಂದರೆ ಹೀಗೆ ಒತ್ತಿ ತೆಗೆಯುವುದನ್ನು ಕಲಿಸುವ ವಿಭಾಗದ ಮಕ್ಕಳ ಹತ್ತಿರ ಇಂಥವು ಕೈಗೆಟಕುವ ಬೆಲೆಗೆ ಸಿಗುತ್ತವೆ.

ದುಡ್ಡು, ಕಾಗದ, ಕಾನೂನು

ದುಡ್ಡನ್ನು ಬ್ಯಾಂಕ್ ಅಥವಾ ಯುಪಿಐ ಮೂಲಕ ಕೊಡಿ, ಗುರುತು ಉಳಿಯುತ್ತದೆ. ಗ್ಯಾಲರಿಯಲ್ಲಿ ಜಿಎಸ್‌ಟಿ ಬಿಲ್ ಕೊಡುತ್ತಾರೆ. ಕೈಯಲ್ಲಿ ಬರೆದ ಚಿತ್ರಗಳ ಮೇಲೆ 12 ಪರ್ಸೆಂಟ್ ಇದ್ದ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 5 ಪರ್ಸೆಂಟ್‌ಗೆ ಇಳಿದಿದೆ. ಹೊಸ ಕಲಾವಿದರು ಹೆಚ್ಚಿನವರು ನೋಂದಣಿಯ ಮಿತಿಗಿಂತ ಕೆಳಗೇ ಇರುತ್ತಾರೆ. ಅವರು ತೆರಿಗೆ ಹಾಕುವ ಹಾಗಿಲ್ಲ, ಒಂದು ಸಾದಾ ರಸೀದಿ ಸಾಕು.

ಅದರ ಜೊತೆಗೆ ಕಲಾವಿದರಿಂದ ಒಂದು ಪತ್ರ ಬರೆಸಿಕೊಳ್ಳಿ. ಒಂದೇ ಪುಟ. ಮೇಲೆ ಚಿತ್ರದ ಚಿಕ್ಕ ಫೋಟೊ. ಕೆಳಗೆ ಕಲಾವಿದರ ಹೆಸರು, ಚಿತ್ರದ ಹೆಸರು, ಮಾಧ್ಯಮ, ಅಳತೆ, ಬರೆದ ವರ್ಷ, "ಇದು ನಾನೇ ಬರೆದ ಮೂಲ ಕೃತಿ, ಇಂಥ ದಿನ ಇಂಥವರಿಗೆ ಮಾರಿದ್ದೇನೆ" ಅನ್ನುವ ಒಂದು ಸಾಲು, ಸಹಿ. ಅಷ್ಟೇ. ಇದನ್ನು ಚಿತ್ರದ ಹಿಂದೆ ಅಂಟಿಸಬೇಡಿ, ಮನೆಪತ್ರ ಇಡುವ ಫೈಲಿನಲ್ಲಿ ಇಡಿ. ಸ್ನೇಹದಲ್ಲಿ ಇದೆಲ್ಲ ಯಾಕೆ ಅಂತ ನಾನು ಮೂರು ಚಿತ್ರಕ್ಕೆ ಕೇಳಲೇ ಇಲ್ಲ. ಅದರಲ್ಲಿ ಒಂದರ ವರ್ಷ ಈಗ ನನಗೂ ನೆನಪಿಲ್ಲ, ಬರೆದವರಿಗೂ ನೆನಪಿಲ್ಲ.

ಕೊಂಡ ಮೇಲೆ ಚಿತ್ರ ನಿಮ್ಮದು. ಆದರೆ ಕಾಪಿರೈಟ್ ನಿಮ್ಮದಲ್ಲ, ಬರೆದುಕೊಡದ ಹೊರತು ಅದು ಕಲಾವಿದರ ಹತ್ತಿರವೇ ಉಳಿಯುತ್ತದೆ. ಗೋಡೆಗೆ ಹಾಕಬಹುದು, ಉಡುಗೊರೆ ಕೊಡಬಹುದು, ಮಾರಬಹುದು. ಅದೇ ಚಿತ್ರವನ್ನು ಕಂಪನಿ ಕ್ಯಾಲೆಂಡರಿಗೆ, ಮದುವೆ ಕಾರ್ಡಿಗೆ ಹಾಕಿಸಬೇಕಾದರೆ ಒಪ್ಪಿಗೆ ಬೇಕು. ಕೆಡಿಸುವ ಹಾಗೂ ಇಲ್ಲ. ದೆಹಲಿಯ ವಿಜ್ಞಾನ ಭವನದ ಗೋಡೆಯಲ್ಲಿದ್ದ ಅಮರನಾಥ್ ಸೆಹಗಲ್ ಅವರ ಕಂಚಿನ ಭಿತ್ತಿಶಿಲ್ಪವನ್ನು ಸರ್ಕಾರ ಕಿತ್ತು ಗೋದಾಮಿಗೆ ಹಾಕಿತ್ತು. 2005ರಲ್ಲಿ ದೆಹಲಿ ಹೈಕೋರ್ಟ್ ಉಳಿದ ಭಾಗಗಳನ್ನು ಅವರಿಗೆ ವಾಪಸ್ ಕೊಡಿ, ಜೊತೆಗೆ 5 ಲಕ್ಷ ಪರಿಹಾರ ಕೊಡಿ ಅಂದಿತು. ದುಡ್ಡು ಕೊಟ್ಟು ಕೊಂಡವರು ಸರ್ಕಾರವೇ ಆಗಿದ್ದರೂ ಅಷ್ಟೇ.

ಮುಂದೆ ಮಾರುವ ಸಂದರ್ಭ ಬಂದರೆ ಎರಡು ವಿಷಯ. 10 ಸಾವಿರ ರೂಪಾಯಿಗಿಂತ ಹೆಚ್ಚು ಬೆಲೆಗೆ ಮರುಮಾರಾಟವಾದ ಮೂಲ ಕೃತಿಯಲ್ಲಿ ಕಲಾವಿದರು ಪಾಲು ಕೇಳಲು ನಮ್ಮ ಕಾಪಿರೈಟ್ ಕಾಯ್ದೆಯಲ್ಲಿ ಅವಕಾಶ ಇದೆ, ಅದು 10 ಪರ್ಸೆಂಟ್ ದಾಟುವಂತಿಲ್ಲ. ಇನ್ನೊಂದು, ಮನೆಯಲ್ಲಿ ಬಳಸುವ ಬಟ್ಟೆ, ಪೀಠೋಪಕರಣದ ಹಾಗೆ ಚಿತ್ರಕ್ಕೆ ತೆರಿಗೆ ವಿನಾಯಿತಿ ಇಲ್ಲ. ಲಾಭಕ್ಕೆ ಕ್ಯಾಪಿಟಲ್ ಗೇನ್ಸ್ ತೆರಿಗೆ ಇದೆ. 24 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡು ಮಾರಿದರೆ 12.5 ಪರ್ಸೆಂಟ್. ಕೊಂಡಾಗಿನ ಬಿಲ್ಲು, ರಸೀದಿ ಇಟ್ಟುಕೊಳ್ಳಬೇಕಾದದ್ದು ಇದಕ್ಕೂ ಸೇರಿ.

ಕಟ್ಟು ಹಾಕಿಸುವಾಗ ಹುಷಾರು

ನನ್ನ ದೊಡ್ಡ ತಪ್ಪು ಇಲ್ಲೇ ಆದದ್ದು. ಗ್ರಾಫಿಕ್ಸ್ ವಿದ್ಯಾರ್ಥಿನಿಯೊಬ್ಬಳಿಂದ 4,500 ರೂಪಾಯಿಗೆ ಒಂದು ಎಚ್ಚಿಂಗ್ ಕೊಂಡೆ. ಹುಣಿಸೆ ಮರದ ಕೆಳಗೆ ನಿಂತ ಒಂದು ಲಾರಿ. ಮನೆ ಹತ್ತಿರದ ಫೋಟೊ ಫ್ರೇಮ್ ಅಂಗಡಿಗೆ ಕೊಟ್ಟು "ಚೆನ್ನಾಗಿ ಹಾಕಿಕೊಡಿ" ಅಂದು ಬಂದೆ. ಚೆನ್ನಾಗಿಯೇ ಹಾಕಿದ್ದರು. ಆರು ತಿಂಗಳ ಮೇಲೆ ಆ ಹುಡುಗಿ ಮನೆಗೆ ಬಂದಳು. ಕಾಫಿ ಲೋಟ ಹಿಡಿದುಕೊಂಡು ಬಹಳ ಹೊತ್ತು ಚಿತ್ರದ ಮುಂದೆ ನಿಂತಳು. ಆಮೇಲೆ ಮೆತ್ತಗೆ ಕೇಳಿದಳು. "ಮೇಡಂ, ನಂಬರ್ ಎಲ್ಲಿ ಹೋಯ್ತು?"

ಅಂಗಡಿಯವರು ಮೌಂಟ್‌ಗೆ (ಚಿತ್ರದ ಸುತ್ತ ಕೂರಿಸುವ ದಪ್ಪ ಬೋರ್ಡಿಗೆ) ಸರಿಹೊಂದಲಿ ಅಂತ ಕಾಗದದ ಬಿಳಿ ಅಂಚನ್ನು ಬ್ಲೇಡಿನಿಂದ ಕತ್ತರಿಸಿಬಿಟ್ಟಿದ್ದರು. ಸಹಿಯೂ ಹೋಯಿತು, 7/15ರ ನಂಬರೂ ಹೋಯಿತು. ಮತ್ತೆ ಬಿಚ್ಚಿದೆವು. ಹಿಂದೆ ಪೂರ್ತಿ ಸೆಲ್ಲೋ ಟೇಪ್. ಅವಳು ಬ್ಯಾಗಿನಿಂದ ಪೆನ್ಸಿಲ್ ತೆಗೆದು ಕಾಗದದ ಬೆನ್ನಿಗೆ ಮತ್ತೆ ನಂಬರ್ ಬರೆದು, ಸಹಿ ಹಾಕಿ, ತಾರೀಕು ಬರೆದಳು. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಹಾಗಾಗಿ ಅಂಗಡಿಯಲ್ಲಿ ಬಾಯಿಬಿಟ್ಟು ಹೇಳಿ. ಕಾಗದ ಒಂದು ನೂಲೂ ಕತ್ತರಿಸಬೇಡಿ. ಸೆಲ್ಲೋ ಟೇಪ್, ಗೋಂದು ಬೇಡ. ಆ್ಯಸಿಡ್ ಇಲ್ಲದ ಮೌಂಟ್ ಬೋರ್ಡ್ ಹಾಕಿ, ಸಾದಾ ಬೋರ್ಡ್ ಹಾಕಿದರೆ ಕೆಲವು ವರ್ಷದಲ್ಲಿ ಕಾಗದ ಹಳದಿಯಾಗುತ್ತದೆ. ಗಾಜು ಚಿತ್ರಕ್ಕೆ ತಾಗಬಾರದು, ನಡುವೆ ಮೌಂಟ್‌ನ ದಪ್ಪ ಇರಬೇಕು. ಕ್ಯಾನ್ವಾಸಿಗೆ ಗಾಜು ಬೇಕಿಲ್ಲ.

ಬೆಂಗಳೂರಿನಲ್ಲಿ ಚಿತ್ರದ ಶತ್ರು ಎರಡು. ಮಳೆಗಾಲದ ತೇವ, ಪಡುವಣ ಬಿಸಿಲು. ಹೊರಗೋಡೆಯಲ್ಲಿ ನೀರು ಜಿನುಗುವ ಕಡೆ ತೂಗುಹಾಕಿದರೆ ಬೂಷ್ಟು ಹಿಡಿಯುವುದು ಖಂಡಿತ. ಫ್ರೇಮಿನ ಹಿಂದೆ ಕೆಳಗಿನ ಎರಡು ಮೂಲೆಗೆ ಬಾಟಲಿ ಬಿರಡೆಯ ತುಂಡು ಅಂಟಿಸಿ, ಗೋಡೆಗೂ ಫ್ರೇಮಿಗೂ ನಡುವೆ ಗಾಳಿ ಆಡುತ್ತದೆ. ಸಂಜೆ ಬಿಸಿಲು ನೇರ ಬೀಳುವ ಕಡೆ ಜಲವರ್ಣ ಬೇಡವೇ ಬೇಡ. ಎತ್ತರ ಎಷ್ಟು ಅಂದರೆ, ಚಿತ್ರದ ನಡುಭಾಗ ನೆಲದಿಂದ ಸುಮಾರು 57 ಇಂಚು ಇರಲಿ. ನಮ್ಮಲ್ಲಿ ಎಲ್ಲವನ್ನೂ ಬಾಗಿಲ ಮೇಲೆ, ಅಜ್ಜನ ಫೋಟೊದ ಹಾಗೆ ಬಗ್ಗಿಸಿ ತೂಗುಹಾಕುವ ಅಭ್ಯಾಸ. ಅಜ್ಜ ನಮ್ಮನ್ನು ನೋಡಲಿ ಅಂತ ಅಲ್ಲಿ ಹಾಕುವುದು. ಚಿತ್ರವನ್ನು ನಾವು ನೋಡಬೇಕು.

ಮನೆಯಲ್ಲೇ ಒಂದು ದಿನದ ಪ್ರದರ್ಶನ

ನಾಲ್ಕೈದು ಚಿತ್ರ ಕೊಂಡ ಮೇಲೆ ಇದನ್ನೊಮ್ಮೆ ಮಾಡಿ. ಇಷ್ಟದ ಕಲಾವಿದರನ್ನು ಒಂದು ಭಾನುವಾರ ಮನೆಗೆ ಕರೆದು, ಅವರ ಎಂಟು ಹತ್ತು ಕೆಲಸ ಹಾಲ್‌ನಲ್ಲಿ ಜೋಡಿಸಿ, ಪರಿಚಯದವರನ್ನು ಕರೆಯುವುದು. ಗ್ಯಾಲರಿ ಮೆಟ್ಟಿಲು ಹತ್ತದವರು ನಿಮ್ಮ ಮನೆ ಮೆಟ್ಟಿಲು ಹತ್ತುತ್ತಾರೆ. ಆದರೆ ಕಲಾವಿದರಿಗೆ ಯಾವುದಾದರೂ ಗ್ಯಾಲರಿಯ ಜೊತೆ ಒಪ್ಪಂದ ಇದೆಯಾ ಅಂತ ಮೊದಲು ಕೇಳಿಕೊಳ್ಳಿ.

ಗದಗದ ಆ ಹುಡುಗ ಬೆಂಗಳೂರಿಗೇ ಬಂದು ನೆಲೆಸಿದ ಮೇಲೆ ಅವನದ್ದೇ ಮಾಡಿದೆವು. ಹಿಂದಿನ ದಿನ ಟಿವಿ ಕಳಚಿ ರೂಮಿಗೆ ಇಟ್ಟೆವು. ಮೊಳೆ ಹೊಡೆಯದೆ, ಕುರ್ಚಿ ಮೇಲೆ, ಪುಸ್ತಕದ ಬೀರುವಿಗೆ ಒರಗಿಸಿ ಒಂಬತ್ತು ಚಿತ್ರ ಇಟ್ಟೆವು. ಬೆಲೆಪಟ್ಟಿ ಒಂದು ಹಾಳೆಯಲ್ಲಿ, ಕನ್ನಡದಲ್ಲಿ. ಐದು ಸಾವಿರಕ್ಕೆ ಕಡಿಮೆ ಇರುವ ನಾಲ್ಕು ಡ್ರಾಯಿಂಗ್ ಇರಲೇಬೇಕು ಅಂತ ನಾನು ಹಟ ಹಿಡಿದಿದ್ದೆ. ದುಡ್ಡು ನೇರ ಅವನ ಖಾತೆಗೆ, ನಮ್ಮ ಕಡೆಯಿಂದ ಕಮಿಷನ್ ಇಲ್ಲ. ಹತ್ತರಿಂದ ಹನ್ನೊಂದು ಒಂದು ಗುಂಪು, ಹನ್ನೊಂದೂವರೆಯಿಂದ ಇನ್ನೊಂದು. ಎಲ್ಲರನ್ನೂ ಒಟ್ಟಿಗೆ ಕರೆದರೆ ಅದು ಸತ್ಯನಾರಾಯಣ ಪೂಜೆ ಆಗಿಬಿಡುತ್ತದೆ, ಚಿತ್ರ ಯಾರೂ ನೋಡುವುದಿಲ್ಲ. ಕಾಫಿ, ಉಪ್ಪಿಟ್ಟನ್ನು ಚಿತ್ರಗಳಿಂದ ದೂರ, ಅಡುಗೆಮನೆಯಲ್ಲೇ ಕೊಟ್ಟೆವು. ಮಕ್ಕಳ ಮೇಲೆ ಒಬ್ಬರ ಕಣ್ಣಿತ್ತು.

ಬಂದವರು ಇಪ್ಪತ್ತೆರಡು ಜನ. ಮೂರು ಡ್ರಾಯಿಂಗ್ ಹೋದವು, ಕ್ಯಾನ್ವಾಸ್ ಒಂದೂ ಹೋಗಲಿಲ್ಲ. ಮಿಕ್ಕದ್ದನ್ನು ಸಂಜೆ ಮತ್ತೆ ಬೆಡ್‌ಶೀಟಿನಲ್ಲಿ ಸುತ್ತಿ ಆಟೊ ಹತ್ತಿಸಿದೆವು. ಮೇಲಿನ ಮನೆಯ ಆಂಟಿ ಅವತ್ತು ಹತ್ತು ನಿಮಿಷ ನಿಂತು, ಬೆಲೆ ಕೇಳಿ, "ಅಬ್ಬಾ" ಅಂದು ಹೋಗಿದ್ದರು.

ಬುಧವಾರ ಸಂಜೆ ಬೆಲ್ ಆಯಿತು. ಬಾಗಿಲು ತೆಗೆದರೆ ಅವರೇ. ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತು ಕೇಳಿದರು. "ಆ ಬಾವಿಕಟ್ಟೆ ಚಿತ್ರ ಇತ್ತಲ್ಲ, ಹಗ್ಗ ಮಾತ್ರ ಕಾಣೋದು. ಅದು ಇನ್ನೂ ಆ ಹುಡುಗನ ಹತ್ರ ಇದೆಯೇನೇ?"